ಕತ್ತಿಗೆ ಕೈ ಹಾಕಿದ ದೊಡ್ಡಪ್ಪ

ನಾನಿನ್ನೂ ಚಿಕ್ಕವನಿದ್ದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ, ನನ್ನ ತಲೆ ಎಡಗಡೆಗೆ ವಾಲಿ, ಗದ್ದ ಬಲಗಡೆಗೆ ತಿರುಗಿ, ಹಾಗೇ ಕೂತುಬಿಟ್ಟಿತ್ತು ಮಕ್ಕಳೇ. ನೆಟ್ಟಗೆ ಮಾಡಲು ಹೋದರೆ ಕಾದ ಸೂಜಿ ಚುಚ್ಚಿದಂಥ ನೋವು. ಅದಕ್ಕೆ ಮುಂಚೆ ಗಂಟಲು ಊದಿ, ಜ್ವರ ಬಂದು, ರಾಗಿ ಗಂಜಿಯನ್ನೂ ನುಂಗಲಾರದೆ ಮಲಗಿದ್ದೆ. ಗಂಟಲು ವಾಸಿಯಾಯಿತು ಅನ್ನುವಷ್ಟರಲ್ಲಿ ಕತ್ತು ಹೀಗಾಯಿತು.

ಗಂಟಲಿನಿಂದಲೇ ಕತ್ತು ಹೀಗಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ದಿಂಬನ್ನೇ ಬೈದರು. ಅವ್ವ ಅದನ್ನು ಒಯ್ದು ಬಿಸಿಲಿಗೆ ಹಾಕಿದಳು. ಅಕ್ಕ ತಾನೂ ತಲೆ ಓರೆ ಮಾಡಿಕೊಂಡು ನನ್ನ ಮುಂದೆ ಕೋಳಿಯ ಹಾಗೆ ನಡೆದು ತೋರಿಸಿದಳು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಕಾಲು ಮುಂದಾಗಿ ಹುಟ್ಟಿದವರು ಮುಟ್ಟಿದರೆ ಉಳುಕು ಹೋಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ದೊಡ್ಡಪ್ಪ ಹಾಗೆ ಹುಟ್ಟಿದವರು. ನಮ್ಮೂರು ಬರಗೂರಿನ ಸುತ್ತಲಿಂದ ಸೊಂಟ ಹಿಡಿದವರೆಲ್ಲ ಅವರ ಬಾಗಿಲಿಗೇ ಬರುತ್ತಿದ್ದರು. ಆ ಹೆಮ್ಮೆ ಅವರ ಮೀಸೆಯಲ್ಲೇ ಕಾಣುತ್ತಿತ್ತು. ಅವರು ಕೈಗೆ ಸವರಿಕೊಂಡ ಬಿಸಿ ಹರಳೆಣ್ಣೆ ಮೂಗಿಗೆ ಘಾಟು ಹೊಡೆಯಿತು. ಅವರ ಒಂದು ಕೈ ನನ್ನ ಗದ್ದಕ್ಕೆ, ಇನ್ನೊಂದು ತಲೆಯ ಹಿಂದಕ್ಕೆ ಬಂತು.

"ಒಂದೇ ಸಲ ಲಟಕ್ ಅನ್ನಿಸ್ಬುಡ್ತೀನಿ ಕಣ್ಲಾ, ಸಂಜಿಕೆ ಗೋಲಿ ಆಡುವಂತೆ" ಅಂದರು.

"ಬ್ಯಾಡ ದೊಡ್ಡಪ್ಪ, ನೋಯ್ತೈತೆ!"

ನನ್ನ ಕತ್ತು, ನನ್ನ ನೋವು. ನನ್ನ ಮಾತು ಕೇಳಿದವರು ಯಾರು? "ಗಂಡ್ಸಲ್ವೇನ್ಲಾ ನೀನು, ಸುಮ್ಕಿರು" ಅಂತ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನದು ಅಂತ ಉಳಿದಿದ್ದು ಬಾಯಿ ಒಂದೇ. ದೊಡ್ಡಪ್ಪನ ಹೆಬ್ಬೆರಳನ್ನು ಕಚ್ಚಿದೆ.

"ಅಯ್ಯಯ್ಯೋ, ಹುಚ್ಚುನಾಯಿ ಕಚ್ದಂಗೆ ಕಚ್ಬುಟ್ನಲ್ಲಪ್ಪೋ!"

ಎಂಥ ರಂಪ! ದೊಡ್ಡಪ್ಪನ ಕಾಲಿಗೆ ಬೀಳು ಅಂತ ಅಪ್ಪ ಗದರಿದರು. ಬಗ್ಗಲು ಹೋದೆ, ಆಗಲಿಲ್ಲ, ಅರಚಿಕೊಂಡೆ. ಆಗ ಅವ್ವ ಸಿಡಿದಳು: "ಬಗ್ಗಕ್ಕೂ ಆಗ್ದಿರೋ ಮಗೀನ್ ಮುಂದೆ ಮರ್ಯಾದೆ ನೋಡ್ತೀರಲ್ಲ! ಹೊಲ್ಡಿ ಶಿರಾಕ್ಕೆ!"

ಬಸ್ಸು ಕುಲುಕಿದಾಗಲೆಲ್ಲ ಅವ್ವ ನನ್ನ ತಲೆಯನ್ನು ಎದೆಗೊರಗಿಸಿ ಹಿಡಿದುಕೊಂಡಳು. ಶಿರಾದ ಡಾಕ್ಟರು ನನ್ನ ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಕತ್ತನ್ನ ಯಾರಾದ್ರೂ ತಿರುಗಿಸಿದ್ರಾ?" ಎಂದು ಕೇಳಿದರು.

"ಇಲ್ಲ ಸಾ, ಬಿಡ್ಲಿಲ್ಲ. ಕಚ್ಬುಟ್ಟ" ಅಂದರು ಅಪ್ಪ.

"ಕಚ್ಚಿ ಬದುಕಿಕೊಂಡ" ಅಂದರು ಡಾಕ್ಟರು. ಗಂಟಲಿನ ಸೋಂಕು ಹಿಂದಕ್ಕೆ ಹರಡಿ, ತಲೆಬುರುಡೆಯ ಕೆಳಗಿನ ಮೂಳೆಗಳನ್ನು ಕಟ್ಟಿ ಹಿಡಿದ ನಾರು ಸಡಿಲವಾಗಿ, ಮೂಳೆ ಜಾರಿತ್ತಂತೆ. ಮಕ್ಕಳಿಗೆ ಅಪರೂಪಕ್ಕೆ ಹೀಗಾಗುತ್ತದಂತೆ. ಲಟಕ್ ಅನ್ನಿಸಿದ್ದರೆ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಬಿದ್ದುಹೋಗಬಹುದಿತ್ತಂತೆ. ಅಪ್ಪ ಅಲ್ಲಿಂದಲೇ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಗದ್ದಕ್ಕೆ ಪಟ್ಟಿ ಕಟ್ಟಿ, ಮಂಚದ ತಲೆಗಡೆ ಮರಳಿನ ಚೀಲ ತೂಗುಬಿಟ್ಟು ಮಲಗಿಸಿದರು. ಮೂಳೆ ಮೆಲ್ಲಗೆ ಜಾಗಕ್ಕೆ ಬಂತು. ಊರಿಗೆ ಬಂದರೆ ಜನ ಏನಂದರು ಗೊತ್ತೇ? "ದೊಡ್ಡಪ್ಪನ್ನ ಕಚ್ಚಿದೋನು ಇವ್ನೇ!" ಕತ್ತು ತಿರುಚಲು ಬಂದವರನ್ನು ಒಬ್ಬರೂ ಬೈಯಲಿಲ್ಲ. ಈಗ ನೆನೆದರೂ ರಕ್ತ ಕುದಿಯುತ್ತದೆ.

ನಿಮ್ಮ ಕಾಲದಲ್ಲಿ ಎಲ್ಲ ಬದಲಾಗಿದೆ ಅಂದುಕೊಂಡಿದ್ದೆ. ಮೊನ್ನೆ ನಮ್ಮ ಮೊಮ್ಮಗಳು ಪುಟ್ಟಿಗೆ ಗಂಟಲು ಊದಿ ಕತ್ತು ಸೆಟೆದುಕೊಂಡಾಗ ಪಕ್ಕದ ಮನೆಯವರು ಓಡಿ ಬಂದು, ಕತ್ತು ಲಟಕ್ ಅನ್ನಿಸುವ ವಿಡಿಯೋ ತೋರಿಸಿ, "ಇಂಗ್ ಮಾಡಿದ್ರೆ ಆಯ್ತು ಬುಡಿ" ಅಂದರು! ನನಗಿದ್ದದ್ದು ಒಬ್ಬರೇ ದೊಡ್ಡಪ್ಪ. ನಿಮಗೆ ಫೋನಿನ ತುಂಬ ದೊಡ್ಡಪ್ಪಂದಿರು. ನಾನು ಹಾಕಿದ ಕೂಗಿಗೆ ಬೀದಿಯ ಕೊನೆಯ ಮನೆಯವರೂ ಹೊರಗೆ ಬಂದರು.

ಆದರೆ ಅವತ್ತೇ ಕಾರು ಬಂತು, ಅವತ್ತೇ ಸ್ಕ್ಯಾನ್ ಆಯಿತು. ಮೂಳೆ ಜಾಗದಲ್ಲೇ ಇದೆ, ಔಷಧಿ ಸಾಕು ಅಂದರು ಡಾಕ್ಟರು. ಇವತ್ತು ಬೆಳಿಗ್ಗೆ ಪುಟ್ಟಿ ಜಗಲಿಯಲ್ಲಿ ನಿಂತು ತಲೆಯನ್ನು ಆ ಕಡೆ, ಈ ಕಡೆ ತಿರುಗಿಸಿ, "ತಾತ, ಈಗ ನೀನು ಎಲ್ಲಿ ನಿಂತ್ರೂ ಕಾಣ್ತೀಯ!" ಅಂದಳು. ನಾನು ಎಡಕ್ಕೆ ಓಡಿದೆ, ಬಲಕ್ಕೆ ಓಡಿದೆ. ಎರಡು ಕಡೆಯೂ ಸಿಕ್ಕಿಬಿದ್ದೆ.