ಪ್ರದಕ್ಷಿಣೆ ಹಾಕಿದ ದೋಣಿ

ಸಮುದ್ರದ ಅಲೆ ಅಳೆಯುವ ಎರಡು ಯಂತ್ರಗಳನ್ನು ಮೊದಲು ಮಲ್ಲಿಪಟ್ಟಣದ ಹತ್ತಿರ, ಹೇಮಾವತಿಯ ಹಿನ್ನೀರಿನಲ್ಲಿ ಪರೀಕ್ಷಿಸಿದೆವು. ನನ್ನದು ಲಂಗರಿಗೆ ಕಟ್ಟಿದ, ನಿಂತಲ್ಲೇ ಏರಿಳಿಯುವ ತೇಲುಗುಂಡು. ಸಹೋದ್ಯೋಗಿ ರೇಖಾ ಅವರದು ಆಳಿಲ್ಲದೆ ತಾನೇ ಓಡುವ ದೋಣಿ. ಸಮುದ್ರಕ್ಕೆ ಹೋಗುವುದು ಒಂದೇ.

ದಡದಲ್ಲಿದ್ದವರೆಲ್ಲ ದೋಣಿಯ ಫೋಟೊ ತೆಗೆದರು. ನನ್ನ ತೇಲುಗುಂಡಿಗೆ ನಾನಿಟ್ಟ ಕುಂಕುಮವೇ ಗತಿ. ಓಡುವ ದೋಣಿಗೆ ಒಂದು ಕಷ್ಟವಿದೆ. ಎದುರು ಹೋದರೆ ಅಲೆಗಳು ಬೇಗ ಬೇಗ ಬಂದಂತೆ, ಜೊತೆಗೆ ಹೋದರೆ ನಿಧಾನವಾದಂತೆ ಕಾಣುತ್ತವೆ. ತನ್ನ ವೇಗವನ್ನು ತಾನೇ ಕಳೆದು ಲೆಕ್ಕ ಹಾಕಬೇಕು. ಆ ಲೆಕ್ಕ ತಪ್ಪಲಿ ನರಸಿಂಹಸ್ವಾಮಿ ಎಂದು ನಾಲಿಗೆ ತುದಿಗೆ ಬಂತು. ದೇವರ ಹತ್ತಿರ ಕೇಳುವ ಮಾತೇ ಅದು? ಎಂದು ನುಂಗಿಕೊಂಡೆ.

ಹೋಲಿಸಿ ನೋಡಲು ರೇಖಾ ದೋಣಿಯನ್ನು ನನ್ನ ಗುಂಡಿನ ಸುತ್ತ ಓಡಿಸಿದರು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೈ ಮುಗಿದರು.

"ಅಂಗೆ ಸುತ್ತಾಕ್ತಾ ಐತಲ್ಲ ಸಾ, ನಡುವೆ ಇರೋದು ಯಾವ ದೇವ್ರು?"

"ನಮ್ಮದೇ, ಅಜ್ಜಿ!" ಎಂದೆ. ಆ ದಿನ ನನಗೆ ಸಿಕ್ಕ ಗೌರವ ಅದೊಂದೇ.

ಸಂಜೆ ಎರಡರ ಲೆಕ್ಕವೂ ತಾಳೆಯಾಯಿತು. ಲೆಕ್ಕ ಸರಿಯಿದ್ದ ಮೇಲೆ, ಬೇಕಾದಲ್ಲಿಗೆ ಓಡುವ ದೋಣಿಯೇ ಸಮುದ್ರಕ್ಕೆ ಎಂದು ತೀರ್ಮಾನವಾಯಿತು.

"ನಿಮ್ಮದಕ್ಕೆ ಹೊಂದಿದ್ದಕ್ಕೇ ಅಲ್ವಾ ಸಾರ್, ನಮ್ಮದು ಗೆದ್ದಿದ್ದು!" ಎಂದರು ರೇಖಾ.

ನನ್ನ ಮುಖ ನೋಡಿ, ಒಣಗಿದ ಬಟ್ಟೆ ಮಡಚುತ್ತಿದ್ದ ಅಜ್ಜಿಯೇ ಸಮಾಧಾನ ಹೇಳಿದರು. "ಬುಡಿ ಸಾ, ಊರು ಸುತ್ತಾಕೆ ಉತ್ಸವಮೂರ್ತಿ ಓಯ್ತದೆ. ಮೂಲದೇವ್ರು ಗುಡೀಲೇ ಇರ್ತದೆ ಕಣ."

ಸರಿಯಾದ ಮಾತೇ. ಆದರೂ ಮೆರವಣಿಗೆ ಹೊರಟಾಗ ಒಳಗೆ ಕುಳಿತ ಮೂಲದೇವರಿಗೆ ಏನನ್ನಿಸುತ್ತದೆ ಎಂದು, ಈ ಶನಿವಾರ ಹೊಳೆನರಸೀಪುರದ ನರಸಿಂಹಸ್ವಾಮಿ ಗುಡಿಯಲ್ಲಿ ಮೆಲ್ಲಗೆ ಕೇಳಬೇಕು.