ಚಾಪೆಯ ಮೇಲೆ ಕೂತ ಉಸ್ತಾದರು

ಅವರ ಶೇರ್ವಾನಿಯ ಎರಡೂ ಜೇಬು ಸದಾ ಉಬ್ಬಿಕೊಂಡಿರುತ್ತಿದ್ದವು. ಎಡಗಡೆಯದರಲ್ಲಿ ಬದನೆಕಾಯಿ, ಬೀಗದ ಕೈ, ಒಂದು ಹಿತ್ತಾಳೆ ಚಮಚ. ಬಲಗಡೆಯದರಲ್ಲಿ ಉಳ್ಳಾಗಡ್ಡಿ, ಬುಗುರಿ, ಹಲ್ಲು ಮುರಿದ ಬಾಚಣಿಗೆ. ಯಾದಗಿರಿಯ ನಡುಬೇಸಿಗೆಯಲ್ಲೂ ಕೊರಳಿನ ಗುಂಡಿ ಬಿಚ್ಚದೆ ಬಂದು ನಿಂತು, ಬದನೆಕಾಯಿಯನ್ನು ನಮ್ಮ ಮೂಗಿನ ಮುಂದೆ ಹಿಡಿದು, ಅದರ ಇಂಗ್ಲಿಷ್ ಹೆಸರನ್ನು ಮೂರು ಸಲ ಹೇಳುವರು. ಯಾರಾದರೂ ಬಾಯಿತಪ್ಪಿ ಕನ್ನಡದ ಹೆಸರು ಹೇಳಿದರೆ ಪಾಠ ಮುಗಿಯುವವರೆಗೆ ನಿಂತೇ ಇರಬೇಕು. ವಾರದ ಕೊನೆಗೆ ಬದನೆಕಾಯಿ ಮೆತ್ತಗಾಗಿರುತ್ತಿತ್ತು, ನಾವು ಮಾತ್ರ ಇನ್ನೂ ಹದಕ್ಕೆ ಬಂದಿರುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆಯ ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ ಅದು. ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಮಾಸ್ತರರು ಬೇಕಾಗಿದ್ದರು. ಶಹಾಪುರ, ಸುರಪುರ, ಗುರುಮಠಕಲ್ ಕಡೆಯಿಂದ ಇಪ್ಪತ್ತು ಜನರನ್ನು ಆರಿಸಿ ಯಾದಗಿರಿಯಲ್ಲಿ ಒಂದು ವರ್ಷದ ತರಬೇತಿಗೆ ಕೂರಿಸಿದರು. ಕಲಿಸುವವರು ಈ ಶೇರ್ವಾನಿಯವರೊಬ್ಬರೇ. ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು.

ಮೊದಲ ದಿನ ಅವರು ಪಾಠವನ್ನೇ ಮಾಡಲಿಲ್ಲ. ರೈಲ್ವೆ ಸ್ಟೇಷನ್ನಿನಿಂದ ಮದ್ರಾಸ್ ಕಡೆಯ ಗೇಟ್‌ಮನ್ ಒಬ್ಬನನ್ನು ಕರೆತಂದು, ನಮಗೆ ಒಂದು ತಾಸು ತಮಿಳು ಕಲಿಸಲು ಹೇಳಿ, ತಾವು ಹಿಂದಿನ ಬೆಂಚಿನಲ್ಲಿ ಕೂತರು. ಮೀಸೆ ಬಂದ ಗಂಡಸರೆಲ್ಲ ಪಿಳಿಪಿಳಿ ಕಣ್ಣು ಬಿಟ್ಟೆವು. ಒಬ್ಬನಿಗೆ ನಗು, ಒಬ್ಬನಿಗೆ ಸಿಟ್ಟು, ನನಗೆ ವಿಪರೀತ ನೀರಡಿಕೆ. ಕೊನೆಗೆ ಉಸ್ತಾದರು ಎದ್ದು ಬಂದರು.

"ನಿಮ್ಮ ಹುಡುಗ್ರಿಗೆ ಇಂಗ್ಲಿಷ್ ಅಂದ್ರ ಹಿಂಗ ಇರ್ತದ. ಯಾರಿಗಾರ ದಡ್ಡ ಅನ್ನೂಕಿಂತ ಮದ್ಲ ಈ ತಾಸು ನೆನಸ್ಕೋರಿ" ಎಂದರು.

ಇಂಥವರಿಗೆ ಕನ್ನಡ ಓದಲು ಬರೆಯಲು ಬರುತ್ತಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಮನೆಮಾತು ಕನ್ನಡವೇ, ಬೈಗುಳವೂ ಗಾದೆಯೂ ಅಚ್ಚ ಶಹಾಪುರದವು. ಆದರೆ ಕಲಿತದ್ದೆಲ್ಲ ಉರ್ದುವಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ನಾನು ನಮ್ಮ ಸೋದರಮಾವನ ಮನೆಯಲ್ಲಿದ್ದು ನಿಜಾಮರ ಗಡಿಯಾಚೆಯ ವಿಜಾಪುರ ಸೀಮೆಯ ಕನ್ನಡ ಶಾಲೆಯಲ್ಲಿ ಓದಿದವನು, ಹಾಗಾಗಿ ನನಗೆ ಆ ಕಷ್ಟ ಇರಲಿಲ್ಲ. ತರಬೇತಿಯ ಎರಡನೆಯ ತಿಂಗಳಲ್ಲಿ ಹುಕುಂ ಬಂತು. ಕಲಿಸುವವರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕು, ಅವಕಾಶ ಎರಡೇ ಸಲ. ಆಗದವರು ಪಾಠ ಬಿಟ್ಟು ದಫ್ತರಿಗೆ ಹೋಗಿ ಕಡತ ಕಟ್ಟಬೇಕು. ಉಸ್ತಾದರಿಗೆ ಆಗಲೇ ಐವತ್ತು ದಾಟಿತ್ತು. ಪಾಠವಿಲ್ಲದ ದಿನ ಅವರು ಊಟವನ್ನೂ ಸರಿಯಾಗಿ ಮಾಡುವವರಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅವರು ನನ್ನನ್ನು ಮನೆಗೆ ಕರೆಸಿದರು. "ನಿನಗ ಕನ್ನಡ ಚಲೋ ಬರ್ತದಂತ. ನನಗ ಕಲಿಸು. ಖರೆ ಪಾಠದ ಹೊತ್ತಿನಾಗ ನೀ ಉಸ್ತಾದ, ನಾ ಶಾಗಿರ್ದ."

ಹೇಳಿದ್ದನ್ನು ಅಕ್ಷರಶಃ ಮಾಡಿದರು. ದಿನಾ ಸಂಜೆ ಐದಕ್ಕೆ ನಾನು ಒಳಗೆ ಕಾಲಿಟ್ಟರೆ ಎದ್ದು ನಿಲ್ಲುವರು. ನನಗೆ ಕುರ್ಚಿ, ಅವರಿಗೆ ಚಾಪೆ. ನಾನೋ ಭೀಮೆಯಲ್ಲಿ ಬಲೆ ಬೀಸುವವನ ಮಗ, ಇಪ್ಪತ್ತೊಂದು ವರ್ಷದವನು; ಅವರದು ಊರೇ ತಲೆಬಾಗುವ ಮನೆತನ. ಆ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂರುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವನು ಬಲೆ ಹೊಲಿಯುವುದನ್ನು ನಿಲ್ಲಿಸಿ, ಅವರು ಕೆಳಗೆ ಕೂತರೆ ನೀನು ಎಲ್ಲಿ ಕೂಡುತ್ತೀ ಎಂದು ಕೇಳಿದ. ಕುರ್ಚಿ ಎಂದೆ. ಬಲೆಯನ್ನು ಪಕ್ಕಕ್ಕಿಟ್ಟು, "ಊರಾಗ ಯಾರ ಮುಂದೂ ಹೇಳಬ್ಯಾಡ" ಎಂದ.

ಉಸ್ತಾದರು ಪುಟಗಟ್ಟಲೆ ಬರೆದರು. ನಾನು ಪುಟಗಟ್ಟಲೆ ಸರಿ ಗುರುತು ಹಾಕಿದೆ. ನಾಲ್ಕು ತಿಂಗಳ ಮೇಲೆ ಪರೀಕ್ಷೆಯಾಯಿತು. ಅವರು ನಪಾಸಾದರು.

ಆ ಸುದ್ದಿಯನ್ನು ಕ್ಲಾಸಿನಲ್ಲಿ ಅವರೇ ಹೇಳಿದರು, ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ. ಸಂಜೆ ಹೋದಾಗ ತಮ್ಮ ನೋಟುಬುಕ್ಕನ್ನೂ ಒಂದನೇ ಇಯತ್ತೆಯ ಪುಸ್ತಕವನ್ನೂ ಅಕ್ಕಪಕ್ಕ ಬಿಚ್ಚಿಟ್ಟುಕೊಂಡು ಕೂತಿದ್ದರು. ಒಂದೇ ಪುಟದಲ್ಲಿ ಹನ್ನೊಂದು ತಪ್ಪು ಹುಡುಕಿದ್ದರು. ಹನ್ನೊಂದರ ಮೇಲೂ ನನ್ನ ಸರಿ ಗುರುತು. ಇದೇನು ಎಂದು ಕೇಳಿದರು. ನಿಮ್ಮ ತಪ್ಪನ್ನು ನಾನು ಹೇಗೆ ತೋರಿಸಲಿ ಎಂದೆ.

"ನೀ ನನಗ ಮರ್ಯಾದಿ ಕೊಟ್ಟಿ. ನಾ ಕೇಳಿದ್ದು ಪಾಠ."

ಆಮೇಲೆ ಮೇಜಿನ ಖಾನೆಯಿಂದ ಕೆಂಪು ಶಾಯಿಯ ದೌತಿ ತೆಗೆದು ನನ್ನ ಮುಂದಿಟ್ಟರು. "ನಾ ಪಾಸಾಗೂ ತನಕ ನಿನ್ನ ಸರ್ಟಿಫಿಕೇಟಿಗೆ ರುಜು ಹಾಕಂಗಿಲ್ಲ. ತಪ್ಪು ತೋರ್ಸಾಕ ಅಂಜಾವ ಮಾಸ್ತರ ಆಗಂಗಿಲ್ಲ."

ಮೊದಲ ವಾರ ತಪ್ಪಿನ ಕೆಳಗೆ ಕೂದಲೆಳೆಯಂಥ ಗೆರೆ ಎಳೆದೆ. ಆಮೇಲೆ, ಸುಳ್ಳೇಕೆ ಹೇಳಲಿ, ರುಚಿ ಹತ್ತಿತು. ಅವರ ಪುಟಗಳು ಕುಂಕುಮ ಚೆಲ್ಲಿದ ಹಾಗೆ ಕಾಣತೊಡಗಿದವು. ಉಸ್ತಾದರು ಮಕ್ಕಳಂತೆ ವಾದಿಸುವರು, ಮುನಿಸಿಕೊಳ್ಳುವರು. ಒಮ್ಮೆ ಲೇಖನಿ ಎಸೆದು ಅಂಗಳಕ್ಕೆ ಹೋಗಿ ಎರಡು ಸುತ್ತು ಹಾಕಿ, ಮರಳಿ ಬಂದು ತಾವೇ ಅದನ್ನು ಹುಡುಕಿ ಎತ್ತಿಕೊಂಡು ಕೂತರು. ಅವರ ಹೆಂಡತಿಯನ್ನು ನಾವು ಅವ್ವಾರು ಎನ್ನುತ್ತಿದ್ದೆವು. ಅವರಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ, ಆದರೂ ದಿನಾ ಪಾಠ ಮುಗಿದ ಕೂಡಲೇ ಅಡುಗೆಮನೆಯಿಂದಲೇ ಇವತ್ತು ತಪ್ಪು ಎಷ್ಟು ಎಂದು ಕೂಗಿ ಕೇಳುವರು. ನಾನು ಲೆಕ್ಕ ಒಪ್ಪಿಸಬೇಕು. ಜಾಸ್ತಿಯಿದ್ದ ದಿನ ಉಸ್ತಾದರ ಚಹಾಕ್ಕೆ ಸಕ್ಕರೆ ಕಡಿಮೆ.

ಎರಡನೆಯ ಸಲ ಪಾಸಾದರು. ಪೇಢೆ ಹಂಚಿದರು, ಗೇಟ್‌ಮನ್‌ಗೂ ಒಂದು ಪೊಟ್ಟಣ ಕಳಿಸಿದರು. ಅಂದೇ ನನ್ನ ಸರ್ಟಿಫಿಕೇಟಿಗೆ ರುಜು ಹಾಕಿದರು, ಕನ್ನಡದಲ್ಲಿ. ಹಾಗೆ ಅವರು ಹಾಕಿದ ಮೊದಲ ರುಜು ಅದು. ಕಾಗದದ ಅಂಚಿನವರೆಗೂ ಹೋಗಿತ್ತು. ಆ ಕಾಗದದ ಬಲದ ಮೇಲೆ ನಾನು ಸುರಪುರದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷ್ ಕಲಿಸಿದೆ, ನನ್ನ ಮಕ್ಕಳು ಉಂಡದ್ದು ಅದೇ ಅನ್ನ. ಇಂಗ್ಲಿಷ್ ಕಲಿಸುವುದನ್ನು ಅವರ ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಅವರಿಗೆ ಕನ್ನಡ ಕಲಿಸಿ ಕಲಿತದ್ದೇ ಹೆಚ್ಚು.

ನಿವೃತ್ತರಾಗಿ ಶಹಾಪುರಕ್ಕೆ ಹೋದ ಮೇಲೆ ಉಸ್ತಾದರು ನನಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ನನ್ನ ಹುಡುಗರು ಇಂಗ್ಲಿಷ್ ಮಾತಾಡಲು ಇನ್ನೂ ನಾಚುತ್ತಾರೆಯೇ ಎಂದು ವಿಚಾರಿಸುವರು. ಕೊನೆಯ ಸಾಲು ಯಾವಾಗಲೂ ಒಂದೇ: ತಪ್ಪು ತಿದ್ದಿ ಮರಳಿ ಕಳಿಸತಕ್ಕದ್ದು. ನಾನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಿದ್ದೆ.

ಒಂದು ಸಲ ಕಾಗದ ಬಂದಾಗ ಶಾಲೆಯ ಪರೀಕ್ಷೆಗಳ ಗಡಿಬಿಡಿ, ಭಾನುವಾರ ನೋಡೋಣವೆಂದು ಎತ್ತಿಟ್ಟೆ. ಶನಿವಾರವೇ ಅವರು ತೀರಿಕೊಂಡ ಸುದ್ದಿ ಬಂತು. ಆ ರಾತ್ರಿ ಕಾಗದ ಬಿಚ್ಚಿ, ಕಣ್ಣು ಒರೆಸಿಕೊಳ್ಳುತ್ತಲೇ ತಿದ್ದಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋಗಿ ಅದನ್ನು ಅವ್ವಾರ ಕೈಗೆ ಕೊಟ್ಟೆ. ಅವರು ಅದನ್ನು ತಿರುವಿ ಮುರುವಿ ನೋಡಿದರು.

"ತಪ್ಪು ಎಷ್ಟಿದ್ವು?"

"ಎರಡರಿ ಅವ್ವಾರ."

"ಎರಡ ಏನು?" ಸೆರಗಿನಿಂದ ಮುಖ ಒರೆಸಿಕೊಂಡು, ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಂಗಾರ ಕಲ್ತಾರ ಬಿಡು."