ಭಾನುವಾರ ಲೆಕ್ಕಕ್ಕಿಲ್ಲ

ನಮ್ಮ ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಅರವತ್ತಾರರ ವಿಧವೆ. ಬಟ್ಟೆ ಬಿಗಿ ಮಾಡುವುದು, ಸಡಿಲಿಸುವುದು, ಅಂಚು ಮಡಿಸುವುದು, ಜಿಪ್ ಬದಲಿಸುವುದು ಅವಳ ಕಸುಬು. ಎದುರು ಸಾಲಿನಲ್ಲಿ, ಬೇಕರಿಯ ಪಕ್ಕ, ಅವಳ ತಮ್ಮನ ಗಡಿಯಾರ ರಿಪೇರಿ ಅಂಗಡಿ. ಮದುವೆಯಾಗದವನು. ಊರಿಗೆಲ್ಲ ಸಮಯ ಸರಿಮಾಡಿಕೊಡುವ ಆಸಾಮಿ ಒಂದು ಕೆಲಸವನ್ನೂ ಹೇಳಿದ ದಿನಕ್ಕೆ ಕೊಟ್ಟವನಲ್ಲ.

ಸಂಜೆ ಆರಕ್ಕೆ ಅವಳು ಮಿಷನ್ನಿಗೆ ಬಟ್ಟೆ ಹೊದಿಸಿ ರಸ್ತೆ ದಾಟುತ್ತಿದ್ದಳು. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ತಮ್ಮನಿಗೆ ಆ ಹೊತ್ತಿಗೆ ಅಕ್ಷರ ಕಾಣುತ್ತಿರಲಿಲ್ಲ. ಅವನು ಚಹಾ ಮಾಡುತ್ತಿದ್ದ, ಅವಳು ತನ್ನ ಸ್ಟೂಲಿನ ಮೇಲೆ ಕೂತು ಪೇಪರ್ ಓದಿ ಹೇಳುತ್ತಿದ್ದಳು. ನಿಧನವಾರ್ತೆಯೇ ಮೊದಲು, ಅದು ಅವನ ಹಠ.

"ಟಿಕೆಟ್ ತಗೊಂಡವರ ಹೆಸರು ಮೊದಲು ಓದಕ್ಕ. ರಾಜಕೀಯದವರು ಎಲ್ಲೂ ಹೋಗಲ್ಲ, ಅಲ್ಲೇ ಇರ್ತಾರೆ."

ಪ್ರತಿ ಹೆಸರಿಗೂ ಅವನದೊಂದು ಒಗ್ಗರಣೆ. "ತೊಂಬತ್ತೆರಡಾ? ಗ್ಯಾರಂಟಿ ಎಂದೋ ಮುಗಿದಿತ್ತು ಬಿಡು." ಅವಳು ಗದರುತ್ತಿದ್ದಳು, ನಗುತ್ತಲೂ ಇದ್ದಳು. ಗಂಡ ಸತ್ತ ಮೇಲೆ ಅವಳು ನಗುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಆ ವರ್ಷ ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚುವ ಮುನ್ನ, ಫಾದರ್ ಪ್ರಬೋಧನೆಯಲ್ಲಿ ಒಂದು ಮಾತು ಹೇಳಿದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ನಮಗೆ ಬೇಡವಾದದ್ದನ್ನು ಬಿಟ್ಟರೆ ಅದು ತ್ಯಾಗವಲ್ಲ, ಪ್ರೀತಿಯದನ್ನು ಬಿಡಿ ಎಂದು. ಹೊಲಿಗೆಯಕ್ಕ ಮನೆಗೆ ಬಂದು ಯೋಚಿಸಿದಳು. ಮಾಂಸ ಅವಳಿಗೆ ರುಚಿಸದು. ಸಿಹಿಯನ್ನು ಡಾಕ್ಟರೇ ಬಿಡಿಸಿದ್ದರು. ಟಿವಿ ಕೆಟ್ಟು ವರ್ಷವಾಗಿತ್ತು. ಪ್ರೀತಿಯದು ಎಂದು ಉಳಿದದ್ದು ಸಂಜೆಯ ಆ ಗಂಟೆ.

"ಈಸ್ಟರ್‌ವರೆಗೆ ಸಂಜೆ ಬರಲ್ಲ ಕಣೋ," ಎಂದಳು ತಮ್ಮನಿಗೆ.

"ಸಿಗರೇಟು ಬಿಟ್ಟ ಹಾಗೆ ನನ್ನನ್ನೇ ಬಿಡ್ತೀಯಾ?"

"ನಿನ್ನನ್ನಲ್ಲ, ಈ ಹರಟೆನ. ಆ ಹೊತ್ತು ಜಪಸರ ಹೇಳ್ತೀನಿ."

"ಹೇಳು. ಆದ್ರೆ ಭಾನುವಾರ ಬಾ. ಇವತ್ತಿಂದ ಎಣಿಸು, ಈಸ್ಟರ್ ಹಿಂದಿನ ದಿನಕ್ಕೆ ನಲವತ್ತಾರು ಆಗುತ್ತೆ. ಆರು ಭಾನುವಾರ ಲೆಕ್ಕಕ್ಕಿಲ್ಲ. ಪ್ರಭು ಸಮಾಧಿಯಿಂದ ಎದ್ದು ಬಂದ ದಿನ ಉಪವಾಸ ಇಲ್ಲಕ್ಕ."

"ಸಂದಿ ಹುಡುಕಿ ನುಸುಳೋದಾದ್ರೆ ವ್ರತ ಯಾಕೆ?"

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯ್ತು. ಅವನೇ ರಜೆ ಕೊಟ್ಟಿದ್ದಾನೆ, ನೀನು ತಗೊಳ್ಳಲ್ಲ."

ಇನ್ನೊಮ್ಮೆ ಅವನು ಕರೆಯಲಿಲ್ಲ. ಎರಡನೆಯ ಸಲ ಕೇಳುವುದು ಆ ಮನೆಯವರಿಗೆ ಬಾರದು.

ಮೊದಲ ಭಾನುವಾರ ಸಂಜೆ, ಬೇಕರಿಯೊಂದನ್ನು ಬಿಟ್ಟರೆ ಬೀದಿಯೆಲ್ಲ ಮುಚ್ಚಿದ್ದಾಗ, ತಮ್ಮನ ಅಂಗಡಿಯಲ್ಲಿ ದೀಪ ಕಂಡಿತು. ಪ್ರಭುವಿನ ದಿನವೂ ರಿಪೇರಿಗೆ ಕೂತಿದ್ದಾನೆ, ಅದೂ ತಪಸ್ಸುಕಾಲದಲ್ಲಿ, ಎಂದು ಅವಳಿಗೆ ಸಿಟ್ಟು ಬಂತು. ಕಿಟಕಿಯ ಪರದೆ ಎಳೆದು ಜಪಸರ ಹಿಡಿದಳು. ಮುಂದಿನ ಮೂರು ಭಾನುವಾರವೂ ದೀಪ ಉರಿಯಿತು, ಅವಳು ಪರದೆ ಎಳೆದಳು. ನಾಲ್ಕನೆಯ ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಸಿಕ್ಕಾಗ ಅವನ ಮುಖ ಬಿಳಿಚಿದ್ದು ಕಂಡಿತ್ತು. ಈಸ್ಟರ್ ಕಳೆಯಲಿ, ಚೆನ್ನಾಗಿ ಬೈದು ಡಾಕ್ಟರ ಹತ್ತಿರ ಎಳೆದೊಯ್ಯುತ್ತೇನೆ ಎಂದುಕೊಂಡಳು. ಬೈಗುಳವನ್ನೂ ಈಸ್ಟರಿಗೆಂದು ಎತ್ತಿಟ್ಟಳು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದವನು ಅಲ್ಲೇ ಕುಸಿದ. ಹೃದಯಾಘಾತ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಗುರುವಾರ ಮಣ್ಣು ಮಾಡಿ ಬಂದ ಮೇಲೆ ಬೇಕರಿಯವನು ಅಂಗಡಿಯ ಕೀ ತಂದುಕೊಟ್ಟ.

"ಭಾನುವಾರ ಕೆಲಸ ಮಾಡಬೇಡ ಅಂತ ನೀನಾದ್ರೂ ಹೇಳಬಾರದಿತ್ತಾ?" ಎಂದಳು ಅವಳು.

"ಕೆಲಸ ಎಲ್ಲಿ ಮಾಡ್ತಿದ್ದ ಅಕ್ಕಾ? ಎರಡು ಲೋಟ ಇಟ್ಕೊಂಡು ಸುಮ್ನೆ ಕೂತಿರ್ತಿದ್ದ. ಮುಚ್ಚಪ್ಪ, ಯಾವ ಗಿರಾಕಿ ಬರ್ತಾನೆ ಅಂದ್ರೆ, ಅಕ್ಕ ಬಂದ್ರೂ ಬರಬಹುದು, ಇವತ್ತು ಲೆಕ್ಕಕ್ಕಿಲ್ಲ ಅಂತಿದ್ದ. ಆ ದಿನದ ಪೇಪರ್ ಸಹ ಬಿಡಿಸ್ತಿರಲಿಲ್ಲ. ನಾಲ್ಕೂ ನಿಮ್ಮ ಸ್ಟೂಲ್ ಮೇಲೇ ಇವೆ."

ಶನಿವಾರ ಅವಳು ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಕೂತ ಫಾದರ್ ಎಲ್ಲವನ್ನೂ ಕೇಳಿ, "ಇದು ಪಾಪ ಅಲ್ಲಮ್ಮ. ದೇವರಿಗಾಗಿ ಮಾಡಿದ್ದು," ಎಂದರು.

"ಪಾಪ ಅಲ್ಲ ಅಂದ್ಮೇಲೆ ಕ್ಷಮೆ ಹೇಗೆ ಸಿಗುತ್ತೆ ಫಾದರ್?"

ಏನಾದರೂ ಪ್ರಾಯಶ್ಚಿತ್ತ ಹೇಳಿ ಎಂದು ಅವಳು ಎರಡು ಸಲ ಕೇಳಿದಳು. ಎರಡನೆಯ ಸಲ ಕೇಳಲು ಅವಳು ಕಲಿತದ್ದು ಆಗ. ಅವರು, "ಮನೆಗೆ ಹೋಗಿ ಸ್ವಲ್ಪ ಮಲಗಿಕೊಳ್ಳಿ," ಎಂದರು. ಇಷ್ಟನ್ನು ನನಗೆ ಅವಳೇ ಹೇಳಿದ್ದು, ಜಿಪ್ ಹೊಲಿಯುತ್ತ, ತಲೆಯೆತ್ತದೆ.

ಮರುದಿನ ಐದನೆಯ ಭಾನುವಾರ. ಈಸ್ಟರಿಗೆ ಇನ್ನೂ ಎರಡು ವಾರ. ಆರಕ್ಕೆ ಅವಳು ರಸ್ತೆ ದಾಟಿದಳು. ಬಾಗಿಲು ಎತ್ತಿ, ದೀಪ ಹಾಕಿ, ಸ್ಟೂಲಿನ ಮೇಲಿದ್ದ ಪೇಪರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೊದಲ ಭಾನುವಾರದ್ದನ್ನು ಬಿಡಿಸಿ, ನಿಧನವಾರ್ತೆಯಿಂದಲೇ ಗಟ್ಟಿಯಾಗಿ ಓದತೊಡಗಿದಳು. ಗೋಡೆಯ ಆಚೆ ಬೇಕರಿಯವನಿಗೆ ಕೇಳುತ್ತಿತ್ತಂತೆ. ಒಂದು ಹೆಸರು, ವಯಸ್ಸು. ಆಮೇಲೆ ಒಬ್ಬ ಮನುಷ್ಯ ಒಂದು ಮಾತಾಡಿ ಮುಗಿಸುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಇನ್ನೊಂದು ಹೆಸರು.